ವಿಜ್ಞಾನದ ಮಾಸ್ತರು ಹೆಪ್ಪು ಹಾಕಿದ್ದು

ಮಕ್ಕಳ ಪ್ರಶ್ನೆಗೆ ಉತ್ತರ ಹೇಳುವುದರಲ್ಲಿ ನಾನು ಬಲು ಗಟ್ಟಿಗ ಎಂಬ ಹೆಸರು ನನಗೆ ಸಿರುಗುಪ್ಪದ ಶಾಲೆಯಲ್ಲಿದ್ದಾಗಲೇ ಬಂದಿತ್ತು. ಆ ಹೆಸರು ಹೇಗೆ ಬಂತೆಂದು ಮೊದಲೇ ಹೇಳಿಬಿಡುತ್ತೇನೆ. ಉತ್ತರ ಗೊತ್ತಿದ್ದರೆ ಜೋರಾಗಿ ಹೇಳುತ್ತಿದ್ದೆ, ಗೊತ್ತಿಲ್ಲದಿದ್ದರೆ ಇನ್ನೂ ಜೋರಾಗಿ ಹೇಳುತ್ತಿದ್ದೆ. ತೀರಾ ಸಿಕ್ಕಿಬಿದ್ದರೆ "ಅದು ಮುಂದಿನ ವರ್ಷದ ಪಾಠ, ಕೂಡು" ಎಂದು ಕನ್ನಡಕ ಒರೆಸಿಕೊಳ್ಳುತ್ತಿದ್ದೆ. ಹತ್ತನೇ ಇಯತ್ತೆಯವರಿಗೆ ಮುಂದಿನ ವರ್ಷ ನಾನು ಸಿಗುವುದಿಲ್ಲವಲ್ಲ, ಅವರ ಮುಂದೆ ನನ್ನ ಧೈರ್ಯ ಇನ್ನೂ ಹೆಚ್ಚು.

ಆಮೇಲೆ ಕುರುಗೋಡಿಗೆ ವರ್ಗವಾಯಿತು. ಮನೆ ಬಳ್ಳಾರಿಯ ಪಾರ್ವತಿನಗರದಲ್ಲಿ, ಶಾಲೆ ಕುರುಗೋಡಿನಲ್ಲಿ, ನಡುವೆ ದಿನಾ ಬಸ್ಸು. ಬಸ್ಸಿನಲ್ಲಿ ನಿಂತೇ ಹೋಗಿ ನಿಂತೇ ಬಂದರೂ ನನ್ನ ಜಂಬ ಮಾತ್ರ ಇಳಿಯಲಿಲ್ಲ. ಶನಿವಾರದ ಕೊನೆಯ ಪೀರಿಯಡ್ಡನ್ನು "ಏನು ಬೇಕಾದ್ದು ಕೇಳಿ" ಎಂದು ಮಕ್ಕಳಿಗೆ ಬಿಟ್ಟುಕೊಟ್ಟೆ. ಕೇಳಿದರು ನೋಡಿ! ಒಬ್ಬರು ಆಕಳಿಸಿದರೆ ಪಕ್ಕದವರಿಗೆ ಯಾಕೆ ಬರುತ್ತದೆ, ಉಳ್ಳಾಗಡ್ಡಿ ಹೆಚ್ಚಿದರೆ ಕಣ್ಣಲ್ಲಿ ನೀರು ಯಾಕೆ, ಬೇಸಿಗೆಯಲ್ಲಿ ಫ್ಯಾನು ಹಾಕಿದರೆ ಬೆಂಕಿಯಂಥ ಗಾಳಿ ಯಾಕೆ, ಬಳ್ಳಾರಿ ಬಿಸಿಲಿಗೆ ಬಂಡೆಯ ಮೇಲೆ ತತ್ತಿ ಒಡೆದರೆ ಬೇಯುತ್ತದೋ ಇಲ್ಲವೋ. ನಾನು ಕೈ ಬೀಸಿ ಬೀಸಿ ಉತ್ತರ ಕೊಟ್ಟೆ. ಮನೆಗೆ ಬಂದು ಹೆಂಡತಿಯ ಮುಂದೆ ಅದನ್ನೆಲ್ಲ ಮತ್ತೊಮ್ಮೆ ಒಪ್ಪಿಸುತ್ತಿದ್ದೆ. ಅವಳು ಟಿ.ವಿ. ಸೌಂಡು ಹೆಚ್ಚು ಮಾಡುತ್ತಿದ್ದಳು.

ಅಂಥದೊಂದು ಶನಿವಾರ ಒಂಬತ್ತನೇ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತಳು. ಎಂದೂ ಬಾಯಿ ಬಿಡದವಳು.

"ಸರ, ನಮ್ಮ ಮನ್ಯಾಗ ಹಾಲಿಗೆ ಹೆಪ್ಪು ಹಾಕಿದ್ರ ಮೊಸರ ಆಗವಲ್ದು. ಯಾಕ್ರಿ?"

ಕ್ಲಾಸೆಲ್ಲ ನಕ್ಕಿತು. ನಾನು ಬೋರ್ಡಿನ ಮೇಲೆ ದೊಡ್ಡದಾಗಿ 'ಬ್ಯಾಕ್ಟೀರಿಯಾ' ಎಂದು ಬರೆದೆ. ಹಾಲು ತೀರಾ ಬಿಸಿ ಇದ್ದರೆ ಹೆಪ್ಪಿನ ಬ್ಯಾಕ್ಟೀರಿಯಾ ಸಾಯುತ್ತವೆ, ಉಗುರುಬೆಚ್ಚಗೆ ಮಾಡಿ ಹಾಕಿ, ಮುಗಿಯಿತು, ಮುಂದಿನ ಪ್ರಶ್ನೆ ಎಂದೆ. ಸೋಮವಾರ ಆಕೆ ವರಾಂಡದಲ್ಲಿ ಕಾದು ನಿಂತಿದ್ದಳು. ಆಗಲಿಲ್ಲವಂತೆ. ಹೆಪ್ಪು ಹಳೆಯದಿರಬೇಕು ಎಂದೆ. ಮರುದಿನ ಬಂದಳು, ಪಕ್ಕದ ಮನೆಯಿಂದ ಹೊಸ ಹೆಪ್ಪು ತಂದು ಹಾಕಿದರೂ ಆಗಲಿಲ್ಲ. ಪಾತ್ರೆಯಲ್ಲಿ ಸೋಪಿನ ಪುಡಿ ಉಳಿದಿರಬೇಕು ಎಂದೆ. ಅದೂ ಅಲ್ಲ. ಆಗ ನನಗೆ ಸಿಟ್ಟು ಬಂತು. ನನ್ನ ಉತ್ತರಗಳಿಗೆ ಬೆಲೆ ಕೊಡದ ಆ ಹಾಲಿನ ಮೇಲೆ.

"ಒಂದೀಟು ಮೊಸರಿಗೆ ಇಷ್ಟ್ಯಾಕ ಬಡದಾಡ್ತಿಯಲೇ? ಅಂಗಡ್ಯಾಗ ಪಾಕೀಟು ಸಿಗ್ತೈತಿ, ತಗೊಂಡು ಹೋಗು" ಎಂದೆ.

ಹುಡುಗಿ ಗೋಡೆಗೆ ಒರಗಿ ಅಳತೊಡಗಿದಳು. ವಿಷಯ ಆಗ ಹೊರಬಿತ್ತು. ಅವಳ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದಳು. ಅಡುಗೆಮನೆ ಹೊಸದಾಗಿ ಅಣ್ಣನ ಹೆಂಡತಿಯ ಕೈಗೆ ಬಂದಿತ್ತು. ಬಂದ ವಾರದಿಂದಲೇ ಮೊಸರು ಕೈಕೊಟ್ಟಿತ್ತು.

"ನಮ್ಮವ್ವ ಅತ್ತಿಗಿ ಕೈಗುಣ ಸರಿ ಇಲ್ಲ ಅಂತಾಳ್ರಿ. ಬರೋ ಅಮಾಸಿಗೆ ತವರಿಗೆ ಕಳಸ್ತಾಳಂತ. ಆಕಿ ಕೈಗುಣ ನೆಟ್ಟಗಾದ ಮ್ಯಾಲ ಬರ್ಲಿ ಅಂತಾಳ. ಹಂಗಂದ್ರ ಯಾವಾಗ್ರಿ ಸರ? ಅಂಥಾ ಹೆಸರು ಹೊತ್ತು ಹೋದಾಕಿ ತಿರುಗಿ ಬರ್ತಾಳೇನ್ರಿ?"

"ನೀನ ಹಾಕಿ ನೋಡಬೇಕಿತ್ತು."

"ಹಾಕೀನ್ರಿ. ಆಗ್ಲಿಲ್ಲ. ಹಾಲು ಕಾಸಿದಾಕಿ ಆಕಿನ ಅಲ್ಲೇನು ಅಂತಾಳ ನಮ್ಮವ್ವ."

ಕೈಗುಣ! ನಾನು ಬದುಕಿರುವಾಗ, ಅದೂ ನಾನು ಪಾಠ ಹೇಳುವ ಊರಿನಲ್ಲಿ! ನನ್ನ ಎದೆಯೊಳಗಿನ ವಿಜ್ಞಾನಿ ಅಂಗಿ ತೋಳು ಮಡಚಿದ. ಭಾನುವಾರ ನಾನೇ ಮನೆಗೆ ಬರುತ್ತೇನೆ, ಹಾಲು ಕಾಸುವುದರಿಂದ ಹಿಡಿದು ಹೆಪ್ಪು ಹಾಕುವವರೆಗೆ ನಾನೇ ಮಾಡುತ್ತೇನೆ, ನಿಮ್ಮವ್ವ ಕಣ್ಣಾರೆ ನೋಡಲಿ ಎಂದು ಹೇಳಿ ಕಳಿಸಿದೆ.

ಶನಿವಾರ ಮನೆಯಲ್ಲಿ ತಾಲೀಮು ನಡೆಸಿದೆ. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮನ್ಯಾಗ ಒಂದಿನ ಹಾಲು ಉಕ್ಕದಂಗ ನೋಡ್ಕೊಂಡಿಲ್ಲ. ಊರ ಮಂದಿಗೆ ಮೊಸರು ಮಾಡಾಕ ಹೊಂಟೀರೇನ್ರಿ?"

ಆದರೆ ಮೊಸರು ಆಯಿತು. ಚಾಕು ಹಾಕಿ ಕೊಯ್ಯಬೇಕು, ಹಾಗಾಯಿತು. ಅದನ್ನು ಅವಳಿಗೇ ಬಡಿಸಿ, ಅವಳ ಮುಖ ನೋಡುತ್ತ ಎರಡು ಸಲ ಮೀಸೆ ತಿರುವಿದೆ.

ಭಾನುವಾರ ಬೆಳಿಗ್ಗೆ ಶಾಲೆಯ ಲ್ಯಾಬಿನ ಥರ್ಮಾಮೀಟರು, ಮನೆಯ ಹೆಪ್ಪು, ಹೊಸ ಸ್ಟೀಲ್ ಡಬ್ಬಿ, ಒಗೆದ ಟವೆಲ್ಲು ಚೀಲದಲ್ಲಿಟ್ಟುಕೊಂಡು ಕುರುಗೋಡಿನಲ್ಲಿ ಇಳಿದೆ. ಸುದ್ದಿ ಹಬ್ಬಿತ್ತು. ಅವರ ಕಟ್ಟೆಯ ಮೇಲೆ ಓಣಿಯ ಹೆಂಗಸರು ಆಗಲೇ ಜಾಗ ಹಿಡಿದಿದ್ದರು. ಹುಡುಗಿಯ ತಾಯಿ ಹಣೆಗೆ ದಟ್ಟ ವಿಭೂತಿ ಹಚ್ಚಿ, ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ಕೈ ಇಳಿಬಿಟ್ಟು ಮಂಚದ ಮೇಲೆ ಕೂತಿದ್ದಳು.

"ಬರ್ರಿ ಸರ, ಬರ್ರಿ. ನಮ್ಮ ಮನಿಗೆ ಮಾಸ್ತರು ಬಂದಿದ್ದ ದೊಡ್ಡದಾತು. ಮಜ್ಜಿಗಿ ಕೊಡೂಣಂದ್ರ ಇಲ್ಲ ನೋಡ್ರಿ" ಎಂದು ಸೊಸೆಯ ಕಡೆ ಕಣ್ಣು ಹಾಯಿಸಿದಳು.

ಸೊಸೆ ನೀರು ತಂದಿಟ್ಟಳು. ಇಪ್ಪತ್ತೆರಡು ಇಪ್ಪತ್ಮೂರರ ಹೆಣ್ಣು, ಕಣ್ಣು ಊದಿಕೊಂಡಿದ್ದವು. "ಸರ, ನಾನು ಸಿರುಗುಪ್ಪದಾಗ ನಿಮ್ಮ ಸ್ಟೂಡೆಂಟ್ರಿ. ಹಾಲು ಮೊಸರಾಗೋ ಪಾಠ ನಮಗ ನೀವ ಮಾಡಿದ್ರಿ" ಎಂದಳು ಮೆಲ್ಲಗೆ. ನನಗೆ ನೆನಪಾಗಲಿಲ್ಲ. "ಹೌದು ಹೌದು, ಹೆಂಗ ಮರೀತೀನಿ" ಎಂದೆ.

ಆಮೇಲಿನ ನನ್ನ ನಾಟಕ ನೀವು ನೋಡಬೇಕಿತ್ತು. ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದೆ. ಸೊಸೆಯನ್ನು ಅಡುಗೆಮನೆಯ ಹೊಸ್ತಿಲಿನಾಚೆ ನಿಲ್ಲಿಸಿದೆ. ಮನೆಯ ಎಮ್ಮೆಯ ಬೆಳಗಿನ ಹಾಲನ್ನು ನಾನೇ ಕಾಸಿದೆ, ನಾನೇ ಆರಿಸಿದೆ, ಥರ್ಮಾಮೀಟರನ್ನು ಹಾಲಿಗೆ ಅದ್ದಿ ಎತ್ತಿ ಬೆಳಕಿಗೆ ಹಿಡಿದು ಓದಿದೆ. ಕಿಟಕಿಯ ಹೊರಗಿನಿಂದ ಒಬ್ಬಾಕೆ "ಹಾಲಿಗೆ ಜ್ವರ ಬಂದೈತೇನ್ರಿ ಸರ?" ಎಂದಳು. ನಾನು ನಗಲಿಲ್ಲ. ಹೆಪ್ಪು ಹಾಕಿ, ತಿರುವಿ, ಮುಚ್ಚಿ, ಟವೆಲ್ಲು ಸುತ್ತಿ, ಯಾರೂ ಮುಟ್ಟಬಾರದೆಂದು ಆಜ್ಞೆ ಮಾಡಿ ಹೊರಗೆ ಬಂದು ಕೈಗುಣ ಎಂಬುದು ಹೇಗೆ ಸುಳ್ಳು ಎಂದು ಕಟ್ಟೆಯ ಮಂದಿಗೆ ಭಾಷಣ ಬಿಗಿದೆ. ಭಾಷಣ ಚೆನ್ನಾಗಿತ್ತು. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಮಧ್ಯಾಹ್ನದೊಳಗೆ ಮೊಸರು ಆಗಲೇಬೇಕು, ಆಗದಿದ್ದರೆ ನನ್ನ ಹೆಸರು ಬದಲಿಸಿ ಎಂದೂ ಹೇಳಿದೆ.

ರೊಟ್ಟಿ, ಬದನೆಕಾಯಿ ಪಲ್ಯದ ಊಟವಾಯಿತು. ಅನ್ನಕ್ಕೆ ಮೊಸರು ನನ್ನದೇ ಬರಲಿ ಎಂದು ಕಾದರು. ನಾನೇ ಎದ್ದು ಹೋಗಿ ಡಬ್ಬಿ ತಂದು ನಡುಮನೆಯಲ್ಲಿಟ್ಟು, ಟವೆಲ್ಲು ಬಿಚ್ಚಿ, ಮುಚ್ಚಳ ತೆಗೆದೆ.

ಹಾಲು. ಬೆಳಿಗ್ಗೆ ಹೇಗಿತ್ತೋ ಹಾಗೆ. ಡಬ್ಬಿ ಅಲ್ಲಾಡಿಸಿದೆ, ಅದೂ ಅಲ್ಲಾಡಿತು.

ನಾನು ಮೊದಲು ಸೊಸೆಯ ಮುಖ ನೋಡಿದೆ. ಅದು ಬಿಳಿಚಿತ್ತು. ಅಯ್ಯೋ, ಈ ಹೆಣ್ಣಿನ ಬದುಕನ್ನು ನೆಟ್ಟಗೆ ಮಾಡುತ್ತೇನೆಂದು ಬಂದು, ಊರ ಮುಂದೆ ಪೂರಾ ಮುಳುಗಿಸಿದೆನಲ್ಲ ಎನಿಸಿತು. ಬೆವರು ಕನ್ನಡಕದೊಳಗೆ ಇಳಿಯಿತು.

ಅಷ್ಟರಲ್ಲಿ ಹುಡುಗಿಯ ತಾಯಿ ಮಂಚದಿಂದ ಬಗ್ಗಿ ಡಬ್ಬಿಯೊಳಗೆ ಇಣುಕಿದಳು. ಬೆರಳು ಅದ್ದಿ ನೆಕ್ಕಿದಳು. ನನ್ನ ಮುಖ ನೋಡಿದಳು. ಮತ್ತೆ ಡಬ್ಬಿ ನೋಡಿದಳು. ಅವಳ ಹೊಟ್ಟೆ ಕುಲುಕತೊಡಗಿತು.

"ಅಯ್ಯ ಶಿವನ! ಮಾಸ್ತರ ಕೈ ಎಂಥಾದ್ದರಿ ಇದು? ನಮ್ಮ ಸೊಸಿ ಹಾಕಿದ್ದು ಒಂದೀಟು ಹುಳಿನಾದ್ರೂ ಆಗ್ತಿತ್ತು. ನಿಮ್ಮದು ಹಾಲಿಗೆ ಸುದ್ದಿನೂ ಮುಟ್ಟಿಲ್ಲ!"

ಕಟ್ಟೆಯ ಮೇಲೆ ನಗೆ ಸಿಡಿಯಿತು. ಥರ್ಮಾಮೀಟರಿನ ಮಾತು ಬಂತು, ಜ್ವರದ ಮಾತು ಬಂತು. ಒಬ್ಬ ಅಜ್ಜಿ ನನ್ನ ಅಂಗೈ ಹಿಡಿದು ತಿರುಗಿಸಿ ನೋಡಿ, ಒಣ ಕೈ, ಒಣ ಕೈ ಎಂದು ಬಿಟ್ಟಳು. "ಇವ್ರ ಮುಂದ ನಮ್ಮಾಕಿನ ವಾಸಿ ಬಿಡು ಯವ್ವ, ಕಲ್ತವರ ಕೈನ ಹಿಂಗಿದ್ರ ಆಕೀದೇನು ತಪ್ಪ" ಎಂದು ಅತ್ತೆ ಕಣ್ಣೊರೆಸಿಕೊಂಡು ನಕ್ಕಳು. ಬಾಗಿಲ ಹಿಂದೆ ಸೊಸೆಯೂ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು. ನಾನೊಬ್ಬನೇ ಡಬ್ಬಿ ಹಿಡಿದು ನಿಂತಿದ್ದೆ.

ಸಂಜೆ ಬಸ್ಸಿಗೆ ಹೊರಡುವ ಮೊದಲು ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ. ಸೊಸೆ ಎಮ್ಮೆ ಕರೆಯುತ್ತಿದ್ದಳು. ಒಂದು ಮೊಲೆಯ ಹಾಲನ್ನು ನೆಲಕ್ಕೆ ಬಿಟ್ಟು, ಉಳಿದವನ್ನು ಚರಿಗೆಗೆ ಕರೆದಳು. ಅದ್ಯಾಕೆ ಎಂದು ಕೇಳಿದೆ. ಇಡೀ ವಾರದಲ್ಲಿ ನಾನು ಉತ್ತರ ಹೇಳದೆ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಇದೊಂದು ಬಾತೈತ್ರಿ ಸರ. ದನದ ಡಾಕ್ಟ್ರು ಹಿತ್ತಲ ಕಡಿಂದ ಬಂದು ಸೂಜಿ ಮಾಡಿ ಹೋಗಾಕತ್ಯಾರ. ಉಳಿದ ಮೂರೂ ಚಲೋ ಅದಾವ."

ಆಗ ತಲೆಯೊಳಗೆ ಲೈಟು ಹತ್ತಿತು. ಸೂಜಿಮದ್ದು ರಕ್ತದಿಂದ ನಾಲ್ಕೂ ಮೊಲೆಗಳ ಹಾಲಿಗೆ ಇಳಿಯುತ್ತದೆ. ಬಾವಿನ ರೋಗಾಣುವನ್ನು ಕೊಲ್ಲುವ ಮದ್ದು ಹೆಪ್ಪಿನ ಬ್ಯಾಕ್ಟೀರಿಯಾವನ್ನು ಬಿಡುತ್ತದೆಯೇ? ಹೆಪ್ಪು ಬದಲಿಸಿದ್ದೆ, ಪಾತ್ರೆ ಬದಲಿಸಿದ್ದೆ, ಕೈ ಬದಲಿಸಿದ್ದೆ. ಪ್ರಯೋಗದಲ್ಲಿ ಮೊದಲು ಬದಲಿಸಬೇಕಾಗಿದ್ದ ಹಾಲನ್ನೇ ಬದಲಿಸಿರಲಿಲ್ಲ ಈ ಮಹಾನುಭಾವ. ಒದ್ದೆ ಕೈಯಲ್ಲೇ ಕುಣಿದಾಡಿ ಅವಳಿಗೆ ಎಲ್ಲ ವಿವರಿಸಿದೆ. "ನಡಿ, ನಿಮ್ಮ ಅತ್ತಿಯವರಿಗೆ ಈಗ ಹೇಳ್ತೀನಿ, ಕಟ್ಟಿ ಮ್ಯಾಲಿನ ಮಂದಿಗೂ ಹೇಳ್ತೀನಿ" ಎಂದು ತಿರುಗಿದೆ.

ಅವಳು ಚರಿಗೆ ಕೆಳಗಿಟ್ಟು ನನ್ನ ದಾರಿಗೆ ಅಡ್ಡ ನಿಂತಳು.

"ಬ್ಯಾಡ್ರಿ ಸರ. ನಿಮ್ಮ ಕಾಲಿಗೆ ಬೀಳ್ತೀನಿ. ಈ ಎಮ್ಮಿ ನಮ್ಮ ತವರಿಂದ ಬಂದದ್ದು."

ನಾನು ನಿಂತೆ.

"ಬಾವಾಗಿದ್ದು ಸಾಲಿಗೆ ಹೋಗೋ ನಾದ್ನಿಗೂ ಅತ್ತಿಯವರಿಗೂ ಗೊತ್ತಿಲ್ರಿ. ಕೈ ಮುರದಾಗಿಂದ ಅವರು ಹಿತ್ತಲಿಗೆ ಬಂದಿಲ್ಲ. ಮಾವ, ನಾನು ಇಬ್ರ ಸೇರಿ ಮುಚ್ಚಿಟ್ಟೀವಿ. ರೋಗದ ಎಮ್ಮಿ ಕೊಟ್ಟ ಮನಿ ಅಂತ ನಮ್ಮಪ್ಪನ ಮ್ಯಾಲ ಬರ್ತೈತಿ. ಕೈ ಮ್ಯಾಲ ಬಂದ್ರ ನಾನೊಬ್ಬಾಕಿ ಹೊರ್ತೀನಿ. ಇವತ್ತು ಅದೂ ತಪ್ಪೇತಿ. ಅವರು ನಕ್ಕು ಎಷ್ಟು ದಿನ ಆಗಿತ್ರಿ ಸರ."

"ಮದ್ದು ಮುಗಿದು ನಾಕ ದಿನ ಆಗೋತನ ಈ ಹಾಲು ಯಾರೂ ಕುಡೀಬಾರದವ್ವ" ಎಂದೆ. ನನಗೆ ಉಳಿದದ್ದು ಅಷ್ಟೇ ವಿದ್ಯೆ.

"ಹಂಗಾದ್ರ ಇದನ್ನ ಚೆಲ್ತೀವ್ರಿ. ಮಾವ ಬ್ಯಾರೆ ಕಡಿಂದ ಹಾಲು ತಂದು ಇದ ಚರಿಗ್ಯಾಗ ಹಾಕಿ ಕೊಡ್ತಾರ. ನೀವು ಒಂದ ಉಪಕಾರ ಮಾಡ್ರಿ. ನಿಮ್ಮ ಕೈನ ಕೆಟ್ಟದ್ದು ಅಂತ ಇರ್ಲಿ ಬಿಡ್ರಿ."

ಬಸ್ಸಿನ ಕಿಟಕಿಯಲ್ಲಿ ಕೂತು ಬಳ್ಳಾರಿಯವರೆಗೂ ಅದನ್ನೇ ನುಂಗುತ್ತ ಬಂದೆ. ಹೆಂಡತಿ ಬಾಗಿಲಲ್ಲೇ "ಆತೇನ್ರಿ?" ಎಂದಳು. ಆಗಲಿಲ್ಲ ಎಂದೆ. ಅವಳ ನಗೆ ಪಾರ್ವತಿನಗರದ ಆ ಬೀದಿಗೆಲ್ಲ ಕೇಳಿಸಿರಬೇಕು.

ಮರುದಿನವೇ ಆ ಮನೆಯಲ್ಲಿ ಸೊಸೆಯ ಕೈಯಲ್ಲಿ ಗಟ್ಟಿ ಮೊಸರಾಯಿತು. ಅವಳ ಕೈಗಿದ್ದ ದೋಷ ಮಾಸ್ತರರ ಕೈಗೆ ಅಂಟಿಕೊಂಡು ಬಳ್ಳಾರಿ ಬಸ್ಸು ಹತ್ತಿ ಹೋಯಿತೆಂದು ಓಣಿಯಲ್ಲಿ ತೀರ್ಮಾನವಾಯಿತು. ಅಮಾವಾಸ್ಯೆ ಬಂತು, ಹೋಯಿತು, ಅವಳು ತವರಿಗೆ ಹೋಗಲಿಲ್ಲ. ಶಾಲೆಯಲ್ಲಿ ನಾನು 'ಹಾಲು ಸರ್' ಆದೆ. ಮುಂದಿನ ಶನಿವಾರ ಆ ಹುಡುಗಿ ಎದ್ದು ನಿಂತು, ಎಲ್ಲರೂ ಕಿವಿ ನೆಟ್ಟಗೆ ಮಾಡಿಕೊಂಡಿರುವಾಗ ಕೇಳಿದಳು:

"ಸರ, ಅವತ್ತು ನಿಮ್ಮದ್ಯಾಕ ಮೊಸರ ಆಗ್ಲಿಲ್ರಿ?"

ನನ್ನ ಸರ್ವಿಸ್ಸಿನಲ್ಲಿ ಇಷ್ಟು ಖಚಿತವಾಗಿ ಉತ್ತರ ಗೊತ್ತಿದ್ದ ಪ್ರಶ್ನೆ ಮತ್ತೊಂದಿಲ್ಲ. ಚಾಕ್‌ಪೀಸು ಕೈಯಲ್ಲಿತ್ತು, ನಾಲಿಗೆ ತುರಿಸುತ್ತಿತ್ತು.

"ಗೊತ್ತಿಲ್ಲಮ್ಮ" ಎಂದೆ. ಮಕ್ಕಳು ಬಾಯಿ ತೆರೆದು ನೋಡಿದರು. ಆ ಮಾತು ನನ್ನ ಬಾಯಲ್ಲಿ ಅವರು ಎಂದೂ ಕೇಳಿರಲಿಲ್ಲ.

ಈಚೆಗೆ ಆ ಸೊಸೆಯ ಕುಬುಸಕ್ಕೆ ಕರೆ ಬಂತು. ಏಳು ತಿಂಗಳ ಬಸುರಿ, ಹಸಿರು ಸೀರೆ, ಮೊಣಕೈವರೆಗೆ ಬಳೆ, ಪಕ್ಕದಲ್ಲಿ ಸಿರುಗುಪ್ಪದಿಂದ ಬಂದ ಅವಳ ಅಪ್ಪ ಅಮ್ಮ. ಅಪ್ಪ ಬೀಗರ ಸಮಕ್ಕೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನೀರು ಕುಡಿಯೋಣವೆಂದು ನಾನು ಅಡುಗೆಮನೆಯ ಕಡೆ ಹೆಜ್ಜೆ ಇಟ್ಟದ್ದೇ ತಡ, ಅತ್ತೆ ವಾಸಿಯಾದ ಬಲಗೈ ಚಾಚಿ ಬಾಗಿಲಿಗೆ ಅಡ್ಡ ಹಿಡಿದಳು.

"ಸರ, ಸಿಟ್ಟಾಗಬ್ಯಾಡ್ರಿ. ಒಳಗ ಹಾಲಿಗೆ ಹೆಪ್ಪು ಹಾಕೀವಿ. ನೀವು ಅಲ್ಲೇ ನಿಂದರ್ರಿ, ನೀರು ಅಲ್ಲಿಗೇ ಬರ್ತಾವ."

ನೆಂಟರೆಲ್ಲ ನಕ್ಕರು. ಸೊಸೆಯ ಅಪ್ಪನೂ ಯಾಕೆಂದು ತಿಳಿಯದೆ ನಕ್ಕರು. ಸೊಸೆ ಮಾತ್ರ ನಗಲಿಲ್ಲ, ಬಳೆ ತಿರುವುತ್ತ ನನ್ನ ಬಾಯನ್ನೇ ನೋಡುತ್ತಿದ್ದಳು.

ನಾನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ಹೊಸ್ತಿಲಿನಿಂದ ಸರಿದು ನಿಂತೆ. "ಸರಿಯಾತು ಬಿಡ್ರಿ ತಾಯಿ. ನನ್ನ ಕೈ ಎಂಥಾದ್ದು ಅಂತ ನನಗ ಗೊತ್ತಿಲ್ಲೇನು?" ಎಂದೆ.