ಕಂಬಳಿಯ ಮೇಲೆ ಕೊಟ್ಟ ಮಾತು

ನನ್ನ ಗಂಡ ಚಿತ್ತಪ್ಪನವರು ಕನ್ನಡ ಪಂಡಿತರು, ಜೊತೆಗೆ ರಾಜಕಾರಣಿ. ಎರಡರಲ್ಲಿ ಒಂದೇ ಆಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಎರಡೂ ಆದವರ ಜೊತೆ ನಲವತ್ತು ವರ್ಷ ಏಗಿದ್ದೇನೆ. ಈಗ ಯಾರಾದರೂ ಮೈಕು ಹಿಡಿದು ಬಂದು, ‘ಜಯಕ್ಕ, ಯಜಮಾನರ ಹೋರಾಟದ ಬಗ್ಗೆ ಎರಡು ಮಾತು ಹೇಳ್ರಿ’ ಅಂದರೆ ನನಗೆ ಮೊದಲು ಆಕಳಿಕೆ ಬರುತ್ತದೆ.

ಇವರು ಹುಟ್ಟಿದ್ದು ಹೊಸದುರ್ಗದ ಪಕ್ಕದ ಒಂದು ಕುರಿಗಾರರ ಹಟ್ಟಿಯಲ್ಲಿ. ಸಿರಿಗೆರೆಯ ಹಾಸ್ಟೆಲಿನಲ್ಲಿದ್ದು ಓದಿದರು, ಎಂ.ಎ. ಮಾಡಿದರು, ಹೊಳಲ್ಕೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾದರು. ಮದುವೆಯಾದ ಹೊಸದರಲ್ಲಿ ಭಾನುವಾರ ಬಂತೆಂದರೆ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಾರೇನೋ ಅಂತ ನಾನು ತಲೆ ಬಾಚಿ ಹೂ ಮುಡಿದು ಕೂತಿರುತ್ತಿದ್ದೆ. ಇವರು ಚೀಲ ಹೆಗಲಿಗೇರಿಸಿ ಯಾವುದೋ ಕುರಿಮಂದೆಯ ಹಿಂದೆ ಹೊರಟುಬಿಡುತ್ತಿದ್ದರು. ಕುರಿಯ ಬಣ್ಣಕ್ಕೆ, ಉಣ್ಣೆಗೆ, ರೋಗಕ್ಕೆ, ಬಿಸಿಲು ಇಳಿಯುವ ಹೊತ್ತಿಗೆ ಕುರಿಗಾರರು ಏನೇನು ಹೇಳುತ್ತಾರೋ ಅದನ್ನೆಲ್ಲ ಕೂಡಿಹಾಕಿ ಒಂದು ದಪ್ಪ ನಿಘಂಟು ಮಾಡಿದರು. ಮೈಸೂರು, ಧಾರವಾಡದಿಂದ ದೊಡ್ಡ ದೊಡ್ಡವರು ಬಂದು, ನಮ್ಮ ಮನೆಯ ಉಪ್ಪಿಟ್ಟು ತಿಂದು, ಹಾಡಿ ಹೊಗಳಿ ಹೋದರು. ಉಪ್ಪಿಟ್ಟು ಮಾಡಿದವಳ ಹೆಸರು ಆ ನಿಘಂಟಿನ ಯಾವ ಮೂಲೆಯಲ್ಲೂ ಇಲ್ಲ.

ಅಷ್ಟಕ್ಕೇ ನಿಂತಿದ್ದರೆ ಪುಣ್ಯ. ಊರ ತುಂಬಾ ಇಂಗ್ಲಿಷ್ ಬೋರ್ಡು ಎದ್ದವು ಅಂತ ಇವರಿಗೆ ಸಿಟ್ಟು ನೆತ್ತಿಗೇರಿತು. ಹುಡುಗರನ್ನು ಕಟ್ಟಿಕೊಂಡು ಚಿತ್ರದುರ್ಗದ ಅಂಗಡಿಗಳ ಬೋರ್ಡಿಗೆಲ್ಲ ಡಾಂಬರು ಬಳಿದರು. ಪೊಲೀಸರು ಎತ್ತಿಕೊಂಡು ಹೋದರು. ಕಾಲೇಜಿನವರು ‘ಪಾಠ ಬೇಕೋ ಡಾಂಬರು ಬೇಕೋ’ ಅಂತ ಕೇಳಿದರು. ಇವರು ರಾಜೀನಾಮೆ ಬರೆದುಕೊಟ್ಟು ಮನೆಗೆ ಬಂದು, ‘ಜಯಾ, ಇವತ್ತು ಏನು ಸಾರು?’ ಅಂದರು. ನನ್ನ ಹೊಟ್ಟೆ ಹೇಗೆ ಉರಿದಿರಬೇಡ!

ಆಮೇಲೆ ಹೊಸದುರ್ಗಕ್ಕೆ ಬಂದೆವು. ಕನ್ನಡದ್ದೇ ಒಂದು ಪಕ್ಷ ಕಟ್ಟಿದರು. ಮೂರು ಸಲ ಚುನಾವಣೆಗೆ ನಿಂತರು. ಒಂದು ಸಲ ಹೊಲಿಗೆ ಯಂತ್ರದ ಗುರುತು ಸಿಕ್ಕಿತ್ತು. ಪ್ರಚಾರಕ್ಕೆ ಹೋದಲ್ಲೆಲ್ಲ ಹೆಂಗಸರು ನನ್ನನ್ನೇ, ‘ರವಿಕೆ ಎಷ್ಟು ದಿನದಾಗೆ ಹೊಲಿದು ಕೊಡ್ತೀಯಕ್ಕ?’ ಅಂತ ಕೇಳುತ್ತಿದ್ದರು. ಮೂರು ಸಲವೂ ಸೋತರು. ಸೋತ ಮಾರನೆಯ ದಿನ ಜನ ಇವರನ್ನು ಕಂಡರೆ ಎದ್ದು ನಿಂತು ಕೈ ಮುಗಿಯುತ್ತಿದ್ದರು. ವೋಟು ಬೇರೆ, ಮರ್ಯಾದೆ ಬೇರೆ. ಇದು ನನಗೆ ಮೊದಲನೇ ಸಲಕ್ಕೇ ತಿಳಿಯಿತು, ಇವರಿಗೆ ತಿಳಿಯಲೇ ಇಲ್ಲ.

ನಮಗೆ ಒಬ್ಬಳೇ ಮಗಳು, ದೇವಿಕಾ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಬೇರೆಯದರ ಮಾತೇ ಎತ್ತುವಂತಿರಲಿಲ್ಲ. ಡಾಕ್ಟರಾಗುತ್ತೇನೆ ಅಂತ ಚಿತ್ರದುರ್ಗದಲ್ಲಿ ಸೈನ್ಸ್ ತಗೊಂಡಳು. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಶಾಲೆಗೇ ಮೊದಲಿಗಳಾಗಿದ್ದ ಹುಡುಗಿ ಒಂದು ವರ್ಷ ಬಾಯಿ ಬಿಡದೆ ಹಿಂದಿನ ಬೆಂಚಿನಲ್ಲಿ ಕೂತು ಫೇಲಾಗಿ ಮನೆಗೆ ಬಂದಳು. ‘ತಪ್ಪು ನಿಂದಲ್ಲ ಮಗಳೇ, ಸರ್ಕಾರದ್ದು’ ಅಂದರು ಇವರು. ಅವಳು ಡಾಕ್ಟರಾಗುವ ಮಾತು ಬಿಟ್ಟಳು. ನರ್ಸಿಂಗ್ ಓದಿ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಅಳಿಯ ಹಿರಿಯೂರಿನಲ್ಲಿ ನೌಕರಿಯಲ್ಲಿರುವುದರಿಂದ ಅವಳೂ ಮೊಮ್ಮಗಳು ಸ್ವಾತಿಯೂ ನಮ್ಮ ಜೊತೆಗೇ ಇದ್ದಾರೆ.

ಈ ಬೇಸಿಗೆಯಲ್ಲಿ ಸುದ್ದಿ ಬಂತು: ಇವರು ಅಕ್ಷರ ಕಲಿತ ಹಟ್ಟಿಯ ಶಾಲೆ ಮುಚ್ಚುತ್ತದೆ, ಮಕ್ಕಳೇ ಇಲ್ಲ. ಇರುವ ಮಕ್ಕಳೆಲ್ಲ ಹಳದಿ ವ್ಯಾನು ಹತ್ತಿ ಹೊಸದುರ್ಗದ ಇಂಗ್ಲಿಷ್ ಸ್ಕೂಲಿಗೆ ಹೋಗುತ್ತಾರೆ. ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲನೇ ದಿನ ಅಧಿಕಾರಿ ಬಂದು ನೋಡುವಾಗ ಮಕ್ಕಳು ಕೂತಿದ್ದರೆ ಶಾಲೆ ಉಳಿಯುತ್ತದೆ, ಇಲ್ಲದಿದ್ದರೆ ಬೀಗ. ಇವರು ಅನ್ನ ಬಿಟ್ಟರು. ನನ್ನನ್ನು ಟಿವಿಎಸ್ ಗಾಡಿಯ ಹಿಂದೆ ಕೂರಿಸಿಕೊಂಡು ಹಟ್ಟಿಗೆ ಹೋದರು.

ಹಟ್ಟಿಯ ಯಜಮಾನ ಬೋರಪ್ಪ, ಇವರ ದೊಡ್ಡಪ್ಪನ ಮಗ. ಗುಡಿಯ ಮುಂದೆ ಕರಿ ಕಂಬಳಿ ಹಾಸಿಸಿದ. ಆ ಹಟ್ಟಿಯಲ್ಲಿ ಕಂಬಳಿ ಹಾಸಿದರೆಂದರೆ ಅದು ದೇವರ ಗದ್ದಿಗೆ. ಅದರ ಮೇಲೆ ಕೂತು ಆಡಿದ ಮಾತು ನಡೆಸಲೇಬೇಕು. ನಡೆಸಲಾಗದವನು ಎಲ್ಲರೆದುರು ಕಂಬಳಿಯನ್ನು ತಾನೇ ಮಡಚಿ ಯಜಮಾನನ ಹೆಗಲಿಗೆ ಹಾಕಬೇಕು, ಆಮೇಲೆ ಸಾಯುವ ತನಕ ಅಲ್ಲಿ ಅವನಿಗೆ ಬರೀ ನೆಲವೇ ಗತಿ. ಇವರಿಗೆ ಇದು ಗೊತ್ತಿಲ್ಲದ್ದೇನಲ್ಲ.

ಇವರು ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು, ಅದನ್ನು ಇಲ್ಲ ಅನ್ನಲಾರೆ. ಕೇಳಿದ ಮೇಲೆ ಬೋರಪ್ಪ ಮೀಸೆ ತೀಡಿಕೊಂಡು, “ಮಾತು ಚೆಂದ ಐತೆ ಕಣಪ್ಪ. ನಿನ್ ಮೊಮ್ಮಗಳು ಎಲ್ಲಿ ಓದ್ತಾಳೆ?” ಅಂದ.

ಸ್ವಾತಿ ಎಲ್.ಕೆ.ಜಿ.ಯಿಂದ ಎರಡು ವರ್ಷ ಅದೇ ಇಂಗ್ಲಿಷ್ ಸ್ಕೂಲಿನಲ್ಲಿದ್ದಳು, ದೇವಿಕಾ ಹಟ ಹಿಡಿದು ಸೇರಿಸಿದ್ದು. ಇವರ ಮುಖ ಸಣ್ಣದಾಯಿತು. “ಒಂದನೇ ಕ್ಲಾಸಿಗೆ ಇಲ್ಲೇ ಸೇರಿಸ್ತೀನಿ. ಅಧಿಕಾರಿ ಬರೋ ದಿನ ನಾನೇ ಕರ್ಕಂಡು ಬರ್ತೀನಿ” ಅಂದುಬಿಟ್ಟರು.

“ನೀನು ತಂದ್ರೆ ನಾವೂ ನಮ್ಮ ಹುಡುಗ್ರನ್ನ ವ್ಯಾನಿಂದ ಇಳಿಸ್ತೀವಿ” ಅಂದ ಬೋರಪ್ಪ, ಅದೇ ಕಂಬಳಿಯ ಮೇಲೆ.

ಹೆತ್ತವಳನ್ನು ಒಂದು ಮಾತು ಕೇಳಬೇಡವೇ? ನನಗೆ ಇವರನ್ನು ಅಲ್ಲೇ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಅಷ್ಟು ಜನರೆದುರು ಏನು ಮಾಡಲಿ, ಸೆರಗು ಹೊದ್ದು ಕೂತೆ.

ಮನೆಯಲ್ಲಿ ದೇವಿಕಾ ಕೂಗಾಡಲಿಲ್ಲ. ಡ್ಯೂಟಿಯಿಂದ ಬಂದವಳು ನಿಂತೇ ಇದ್ದಳು. “ಅಪ್ಪಾ, ಆ ಹಿಂದಿನ ಬೆಂಚಲ್ಲಿ ಒಂದು ವರ್ಷ ನಾನು ಕೂತಿದ್ದೀನಿ. ನೀವು ಕೂತಿಲ್ಲ. ನಮ್ಮನೇಲಿ ಒಬ್ಬಳು ಕೂತಿದ್ದು ಸಾಕು” ಅಂದಳು.

“ಕಂಬಳಿ ಮೇಲೆ ಮಾತು ಕೊಟ್ಟಿದ್ದೀನಿ ಕಣಮ್ಮಾ.”

“ನಿಮ್ಮದನ್ನ ಕೊಡಬೇಕಿತ್ತು. ನನ್ನದನ್ನ ಯಾಕೆ ಕೊಟ್ರಿ?”

ಅಷ್ಟೇ. ಅಸೆಂಬ್ಲಿಗೆ ನಿಂತವರು, ತಾಲ್ಲೂಕಿನಲ್ಲಿ ಎದುರಾಡುವವರೇ ಇಲ್ಲ ಅನ್ನಿಸಿಕೊಂಡವರು, ಮಗಳ ಎದುರು ನೆಲ ನೋಡುತ್ತಾ ಕೂತರು. ಅಯ್ಯೋ ಪಾಪ ಅನ್ನಿಸಿತು ನನಗೆ. ಆದರೆ ಮಗಳು ಹೇಳಿದ್ದರಲ್ಲಿ ತಪ್ಪು ಹುಡುಕಿದರೂ ಸಿಗಲಿಲ್ಲ.

ಅಧಿಕಾರಿ ಬರುವ ದಿನವೂ ಬಂತು. ದೇವಿಕಾಗೆ ಬೆಳಗಿನ ಡ್ಯೂಟಿ, ಹೊರಟುಹೋಗಿದ್ದಳು. ಸ್ವಾತಿ ಹೊಸ ಯೂನಿಫಾರಂ ಹಾಕಿಕೊಂಡು ವ್ಯಾನಿಗೆ ಕಾಯುತ್ತಿದ್ದಳು. ಇವರು ಗಾಡಿ ಹೊರಗೆ ತಂದು ನಿಲ್ಲಿಸಿದರು. ಮಗು ಓಡಿ ಹೋಗಿ, “ತಾತಾ, ಗಾಡೀಲಿ ಹೋಗಾಣಾ?” ಅಂತ ಸೀಟು ಹತ್ತಿ ಕೂತುಬಿಟ್ಟಿತು. ಸ್ಟಾರ್ಟ್ ಮಾಡಿದ್ದರೆ ತಡೆಯುವವರು ನಾನೊಬ್ಬಳೇ. ತಡೆಯುತ್ತಿದ್ದೆನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ, ಅಷ್ಟು ದಣಿದಿದ್ದೆ. ಇವರು ಮಗುವಿನ ತಲೆ ಸವರುತ್ತಾ ಸುಮಾರು ಹೊತ್ತು ನಿಂತರು. ವ್ಯಾನು ಬಂತು. ಇವರೇ ಅವಳನ್ನು ಎತ್ತಿ ಇಳಿಸಿ, ಬ್ಯಾಗು ಕೊಟ್ಟು, ವ್ಯಾನು ಹತ್ತಿಸಿದರು.

“ಬಾರೇ. ಹಟ್ಟಿಗೆ ಹೋಗಿ ಮಾತು ವಾಪಸ್ ಕೊಟ್ಟು ಬರಾಣ” ಅಂದರು ನನಗೆ.

ಹಟ್ಟಿಯಲ್ಲಿ ಜನವೆಲ್ಲ ಸೇರಿತ್ತು, ಕಂಬಳಿ ಹಾಸಿತ್ತು. ಮಕ್ಕಳು ಅಂದು ವ್ಯಾನಿಗೆ ಹೋಗದೆ ಅಮ್ಮಂದಿರ ಪಕ್ಕದಲ್ಲೇ ನಿಂತಿದ್ದವು. ಇವರು ಕಂಬಳಿ ಮೆಟ್ಟದೆ ಅಂಚಿನಲ್ಲಿ ನಿಂತು, “ನನ್ನ ಕೈಲಿ ಆಗ್ಲಿಲ್ಲ ಬೋರಣ್ಣ. ಮಗಳು ಒಪ್ಪಲಿಲ್ಲ. ಅವಳು ಹೇಳಿದ್ದೇ ಸರಿ” ಅಂದರು. ಬಗ್ಗಿ ಕಂಬಳಿ ಮಡಚತೊಡಗಿದರು. ಮಂಡಿನೋವು ಬೇರೆ, ಬೇಗ ಏಳಲಾಗಲಿಲ್ಲ. ನಾನು ಹೋಗಿ ಇನ್ನೊಂದು ತುದಿ ಹಿಡಿದೆ. ಬೋರಪ್ಪನ ಹೆಗಲಿಗೆ ಹಾಕಿದರು.

ಬೈಗುಳ ಬೀಳುತ್ತದೆ ಅಂತ ನಾನು ಕಾದೆ. ಬೋರಪ್ಪ ‘ಉಸ್ಸಪ್ಪಾ’ ಅಂದ. ಅವನ ಹೆಂಡತಿ ಮಲ್ಲಕ್ಕ ನನ್ನ ಕೈ ಹಿಡಿದುಕೊಂಡು ನಕ್ಕೇಬಿಟ್ಟಳು.

“ಬೆಳಗ್ಗಿಂದ ದಾರೀನೇ ನೋಡ್ತಿದ್ವಿ ಕಣಕ್ಕ. ಗಾಡಿ ಹಿಂದೆ ಮಗು ಕುಂತಿರ್ತೈತೇನೋ ಅಂತ ಎದೆ ಡವಡವ. ನಿನ್ ಸೀರೆ ಕಂಡ್ ಮ್ಯಾಲೆ ಜೀವ ಬಂತು.”

“ಹೂಂ ಕಣೋ ಚಿತ್ತಪ್ಪ,” ಅಂದ ಬೋರಪ್ಪ. “ನೀನು ತಂದ್ಬಿಟ್ಟಿದ್ರೆ ನಾವೂ ಇಳಿಸ್ಲೇಬೇಕಿತ್ತಲ್ಲ. ಮಾತು ಕೊಟ್ ದಿನದಿಂದ ನಮ್ಗೆ ನಿದ್ದೆ ಇಲ್ಲ. ನಮ್ಮನ್ನ ಉಳಿಸ್ದೆ ಬಿಡು.”

ಯಾರೋ ಮಜ್ಜಿಗೆ ತಂದುಕೊಟ್ಟರು. ಹೆಂಗಸರು ವ್ಯಾನಿನವನಿಗೆ ಫೋನು ಹಚ್ಚಿದರು. ಬೋರಪ್ಪ ಹಿಡಿದು ಎಳೆದರೂ ಇವರು ಗುಡಿಯ ಕಟ್ಟೆಗೂ ಬರಲಿಲ್ಲ, ಬರೀ ನೆಲದಲ್ಲಿ ಕೂತು ಮಜ್ಜಿಗೆ ಕುಡಿದರು. ಅಧಿಕಾರಿ ಬರುವ ತನಕ ಕಾಯಲಿಲ್ಲ.

ತೆಂಗಿನ ತೋಟದ ತಿರುವಿನಲ್ಲಿ ಇವರು ಗಾಡಿ ನಿಲ್ಲಿಸಿದರು. ಹಿಂದಕ್ಕೆ ತಿರುಗಲಿಲ್ಲ.

“ಜಯಾ, ನಿನಗೂ ಸಮಾಧಾನ ಆಯ್ತಾ?”

ನಲವತ್ತು ವರ್ಷದಲ್ಲಿ ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ.

“ಹೂಂ ಕಣ್ರೀ, ಆಯ್ತು” ಅಂದೆ.

ಇವರು ತಲೆಯಾಡಿಸಿದರು. ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ಸರಿ, ಗಟ್ಟಿಯಾಗಿ ಹಿಡ್ಕ. ಇವತ್ತು ಮೊದಲನೇ ದಿನ ಅಲ್ವಾ, ಮಧ್ಯಾಹ್ನಕ್ಕೇ ಬಿಡ್ತಾರೆ. ಮಗು ಬರೋದ್ರೊಳಗೆ ನಾವು ಮನೇಲಿರಬೇಕು” ಅಂದರು.