ಕುರ್ಚಿಯ ಮೇಲೆ ಹಾರುವವರು

ಮದುವೆಯಾದ ಹೊಸತರಲ್ಲಿ ನನ್ನ ಗಂಡ ದೊಡ್ಡ ಶಿವಭಕ್ತರೆಂದು ನಂಬಿದ್ದೆ. ನಸುಕಿನಲ್ಲಿ ಎದ್ದು ಮುಖ ತೊಳೆದು, ಕುರ್ಚಿಯ ಮೇಲೆ ನೆಟ್ಟಗೆ ಕೂತು ಕಣ್ಣು ಮುಚ್ಚುತ್ತಿದ್ದರು. ಎಡಗೈ ಮುಂದೆ ಚಾಚಿರುತ್ತಿತ್ತು, ತುಟಿ ಸಣ್ಣಗೆ ಅಲುಗುತ್ತಿತ್ತು. ಅಂಗೈಯಲ್ಲಿ ಇಷ್ಟಲಿಂಗ ಇರಲಿಲ್ಲ, ಅದು ನಿಜ. ಏರ್‌ಫೋರ್ಸಿನವರು ಪೂಜೆಯನ್ನೂ ಮನಸ್ಸಿನಲ್ಲೇ ಮುಗಿಸುತ್ತಾರೇನೋ ಎಂದುಕೊಂಡು, ಬಳೆ ಸದ್ದಾಗದಂತೆ ಚಹಾ ಇಟ್ಟು ಬರುತ್ತಿದ್ದೆ. ಭಾಲ್ಕಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟೆ: "ಅಪ್ಪಾ, ನಿನ್ನ ಅಳಿಯ ದಿನಾ ಮುಂಜಾನಿ ಶಿವಯೋಗಕ್ಕ ಕೂಡ್ತಾರ." ಅಪ್ಪ ತನ್ನ ಅಂಗಡಿಗೆ ಬಂದವರಿಗೆಲ್ಲ ಆ ಸುದ್ದಿ ಹಂಚಿದ.

ಒಂದು ಮುಂಜಾನೆ ಇವರ ಬಲಗೈ ಸರ್ರನೆ ಪಕ್ಕಕ್ಕೆ ವಾಲಿ ಚಹಾದ ಕಪ್ಪು ಉರುಳಿತು.

"ಇದ್ಯಾವ ನಮೂನಿ ಶಿವಯೋಗರೀ?" ಅಂದೆ.

"ಯಾವ ಶಿವಯೋಗ? ನಾ ವಿಮಾನ ಇಳಸ್ಲಾಕತ್ತಿದ್ದೆ!"

ಹಾರುವ ಮೊದಲು ಪೈಲಟ್‌ಗಳು ಕುರ್ಚಿಯಲ್ಲಿ ಕೂತು ಇಡೀ ಹಾರಾಟವನ್ನು ಒಮ್ಮೆ ಮನಸ್ಸಿನಲ್ಲೇ ಹಾರಿಸಿ ನೋಡುತ್ತಾರಂತೆ. ಎಡಗೈಯಲ್ಲಿ ವೇಗದ ಹಿಡಿಕೆ, ಬಲಗೈಯಲ್ಲಿ ದಿಕ್ಕಿನ ಕೋಲು. ಹೋದರು ನನ್ನ ಶರಣರು! ಅಪ್ಪನಿಗೆ ಇವತ್ತಿಗೂ ನಿಜ ಹೇಳಿಲ್ಲ.

ಆಮೇಲೆ ಇಪ್ಪತ್ತು ವರ್ಷ ಊರಿಂದ ಊರಿಗೆ ಟ್ರಂಕು ಕಟ್ಟಿದೆವು. ಪ್ರತಿ ಊರಲ್ಲೂ ಒಂದು ಸಾಲಿ ಹುಡುಕಿಕೊಂಡು ಪಾಠ ಹೇಳುವುದು, ಮಕ್ಕಳ ಹೆಸರು ಬಾಯಿಗೆ ಬರುವಷ್ಟರಲ್ಲಿ ಬಿಡುವುದು. ಕೊನೆಗೆ ಇವರಿಗೆ ಬೀದರಿಗೇ ವರ್ಗವಾಯಿತು, ಹೊಸ ಪೈಲಟ್‌ಗಳಿಗೆ ಕಲಿಸುವ ಕೆಲಸ. ಇವರ ಊರು ಔರಾದ ತಾಲೂಕಿನ ಡಾಬಕಾ, ನನ್ನ ತವರು ಭಾಲ್ಕಿ. ಅದೇ ಹೊತ್ತಿಗೆ ನನಗೆ ಔರಾದಿನ ಸರ್ಕಾರಿ ಸಾಲಿಯಲ್ಲಿ ಕಾಯಂ ನೌಕರಿ ಸಿಕ್ಕಿತು. ನಮ್ಮ ನೆಲದಲ್ಲಿ, ಒಂದೇ ಸೂರಿನ ಕೆಳಗೆ ಇದ್ದುಕೊಂಡು, ಇಬ್ಬರಿಗೂ ಕೆಲಸ. ನನಗೆ ನಂಬಿಕೆಯೇ ಬರುತ್ತಿರಲಿಲ್ಲ.

ಬೀದರಿನಿಂದ ಔರಾದಿಗೆ ಹೋಗುವ ಮುಂಜಾನೆಯ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿದರೆ ಜನವಾಡ ಬರುವ ಮೊದಲೇ ಜೋಂಪು ಹತ್ತುತ್ತಿತ್ತು. ಮಾಂಜ್ರಾ ಹೊಳೆಯ ಮೇಲೆ ಮಂಜು ಕೂತಿರುತ್ತಿತ್ತು. ವಿಮಾನದ ಸದ್ದು ನಿದ್ದೆಯೊಳಗೆ ಬಂದು, ಸೇತುವೆ ಮುಗಿಯುವಲ್ಲಿ ಬಸ್ಸು ಮೆಲ್ಲಗೆ ಮೇಲೇಳುತ್ತಿತ್ತು. ಕೆಳಗೆ ತೊಗರಿ ಹೊಲಗಳು, ಅಪ್ಪನ ಅಂಗಡಿ, ನಾನು ಬಿಟ್ಟುಬಂದ ಸಾಲಿಗಳ ಅಂಗಳಗಳು ಎಲ್ಲಾ ಒಂದೇ ಕಡೆ ಕಾಣುತ್ತಿದ್ದವು. ಕಂಡಕ್ಟರ್ ಮಾತ್ರ ಅಲ್ಲೂ ಟಿಕೀಟು ಕೇಳುತ್ತಿದ್ದ. ಎಷ್ಟೋ ಸಲ ಔರಾದಿನಲ್ಲಿ ಇಳಿದಾಗ, ನಿಜವಾಗಿ ಇಳಿದೆನೋ ಇಲ್ಲವೋ ಎಂಬ ಅನುಮಾನದಲ್ಲೇ ಸಾಲಿಯ ಗೇಟು ದಾಟುತ್ತಿದ್ದೆ.

ಮೂರು ವರ್ಷ ಹೀಗೆ ಕಳೆಯಿತು. ಆಮೇಲೆ ಇವರಿಗೆ ಬಡ್ತಿ ಬಂತು. ದರ್ಜೆ ಏರಿದಂತೆ ವಿಮಾನ ದೂರವಾಗುತ್ತದೆ, ಮೇಜು ಹತ್ತಿರವಾಗುತ್ತದೆ. ನಾನು ಪೇಢಾ ಹಂಚಿದೆ, ಇವರು ಮಂಕಾದರು. ಮುಂಜಾನೆ ಅದೇ ಕುರ್ಚಿಯಲ್ಲಿ ಕೂರುತ್ತಿದ್ದರು, ಕೈ ಎರಡೂ ಮೊಣಕಾಲ ಮೇಲೆ ಸುಮ್ಮನೆ ಬಿದ್ದಿರುತ್ತಿದ್ದವು. ಆ ಕೈ ನೋಡಿ ನನಗೆ ಹೆದರಿಕೆಯಾಗುತ್ತಿತ್ತು.

ಹಾರಬೇಕೆಂದರೆ ಏರ್‌ಫೋರ್ಸ್ ಬಿಟ್ಟು ಪ್ರಯಾಣಿಕರ ವಿಮಾನಕ್ಕೆ ಹೋಗಬೇಕು. ಬಿಡುಗಡೆ ಕೇಳಿದರು, ಮೇಲಿನವರು ಬಹಳ ದಿನ ಕಾಯಿಸಿ ಕೊಟ್ಟರು. ಅಷ್ಟು ವರ್ಷ ವಿಮಾನ ಹಾರಿಸಿದವರು ಹೊಸ ಲೈಸೆನ್ಸಿಗಾಗಿ ಊಟದ ಮೇಜಿನ ಮೇಲೆ ಪುಸ್ತಕ ಹರಡಿ ಪರೀಕ್ಷೆಗೆ ಓದಿದರು. "ಫೇಲಾದ್ರ ಬೆಂಚಿನ ಮ್ಯಾಲ ನಿಲ್ಲಸ್ತೇನಿ ನೋಡ್ರಿ" ಎಂದು ರೇಗಿಸಿದ್ದೆ. ಪಾಸಾದರು. ದೊಡ್ಡ ಕಂಪನಿಯೊಂದು ಕರೆಯಿತು. ದೊಡ್ಡ ಜೆಟ್ ವಿಮಾನ, ವಾಸ ದಿಲ್ಲಿಯಲ್ಲಿ, ಐದು ವರ್ಷ ಬಿಟ್ಟು ಹೋಗುವುದಿಲ್ಲವೆಂದು ಬಾಂಡ್ ಬರೆದುಕೊಡಬೇಕು. ವಾರದೊಳಗೆ ಉತ್ತರ ಹೇಳಬೇಕು.

"ನೀ ಬ್ಯಾಡ ಅಂದ್ರ ಬ್ಯಾಡ" ಎಂದರು.

ನನಗೆ ಪಿತ್ತ ನೆತ್ತಿಗೇರಿತು. "ವಾಹ್ ರೇ ವಾಹ್! ಬ್ಯಾಡ ಅಂದ್ರ ನಾ ಕೆಟ್ಟಾಕಿ, ಹೂಂ ಅಂದ್ರ ನಾ ಒಬ್ಬಾಕಿ. ಚಲೋ ಸಿಗಿಸೀರಿ ನನ್ನ! ಮೊದಲ ಸರ್ಕಾರಕ್ಕ ಬರದು ಕೊಟ್ರಿ, ಈಗ ಕಂಪನಿಗಿ ಕೊಡ್ತೀರಿ. ನನಗೇನರ ಒಂದ್ ಸಾಲು ಬರದು ಕೊಟ್ಟೀರೇನು?"

ಅವರು ತಟ್ಟೆ ಎತ್ತಿಕೊಂಡು ಬಚ್ಚಲಿಗೆ ಹೋದರು.

ಮುಖ ಊದಿಸಿಕೊಂಡು ಪಕ್ಕದ ಮನೆಯ ಖಾಲಾ ಹತ್ತಿರ ಹೋಗಿ ಕೂತೆ. ಎಲ್ಲಾ ಕೇಳಿದ ಆ ಹಿರಿಯಳು ಅಡಿಕೆ ಕತ್ತರಿಸುತ್ತಲೇ ಹೇಳಿದಳು: "ಅರೆ ಬೇಟಿ, ಗಂಡಸು ಮನಿಯಾಗ ಇದ್ರ ತಲಿನೋವು, ದೂರ ಇದ್ರ ಎದಿನೋವು. ತಲಿನೋವಿಗಿ ಗೋಲಿ ಸಿಗ್ತದ. ಮುಂದಿಂದು ನೀನೇ ನೋಡ್ಕೊ."

ನಗು ಬಂತು, ಆದರೆ ದಾರಿ ಕಾಣಲಿಲ್ಲ. ಆ ಭಾನುವಾರ ಡಾಬಕಾಕ್ಕೆ ಹೋದೆವು. ಮಧ್ಯಾಹ್ನ, ತೊಗರಿ ಹೂಬಿಟ್ಟ ಹೊಲ, ಬಿಸಿಲಿಗೆ ಎಲ್ಲವೂ ಹಳದಿಯಾಗಿ ತೇಲುವಂತಿತ್ತು. ಎಲ್ಲೋ ದೂರದಲ್ಲಿ ವಿಮಾನವೊಂದು ಗುಂಯ್ ಎಂದಿತು. ಬದುವಿನ ಮೇಲೆ ಕೂತಿದ್ದ ಇವರು ಕಣ್ಣು ಮುಚ್ಚಿದರು. ಎಡಗೈ ಮೆಲ್ಲಗೆ ಮುಂದೆ ಸರಿಯಿತು, ಬಲಗೈ ಒಂಚೂರು ವಾಲಿತು, ಮುಖದ ಮೇಲೆ ಎಷ್ಟೋ ತಿಂಗಳಿಂದ ಕಾಣದಿದ್ದ ಬೆಳಕು. ಅಯ್ಯೋ, ಈ ಮನುಷ್ಯನನ್ನು ಮನೆಯಲ್ಲಿ ಕೂರಿಸಿಕೊಂಡು ನಾನೇನು ಮಾಡಲಿ ಅನ್ನಿಸಿತು.

"ದಿಲ್ಲಿಗೇ ಸಹಿ ಮಾಡ್ರಿ. ನಾ ಸಾಲಿ ಬಿಟ್ಟು ಬರ್ತೇನಿ" ಅಂದೆ. ಅವರು ಕಣ್ಣು ತೆರೆದು ನನ್ನನ್ನು ನೋಡಿದರು.

ವಾರ ಮುಗಿಯಿತು. ಯಾವ ಮುಖ ಇಟ್ಟುಕೊಂಡು ಮುಖ್ಯಗುರುಗಳಿಗೆ ಹೇಳಲಿ ಎಂದು ಯೋಚಿಸುತ್ತ ಸಂಜೆ ಬಸ್ಸಿಳಿದರೆ, ಇವರು ನಿಲ್ದಾಣದಲ್ಲಿ ನಿಂತಿದ್ದರು.

"ಸಹಿ ಮಾಡ್ದೆ" ಎಂದರು. "ದಿಲ್ಲೀದಲ್ಲ. ಹೈದರಾಬಾದಿಂದು, ಬ್ಯಾರೆ ಕಂಪನಿ, ನಾನೇ ಕೇಳ್ಕೊಂಡೆ. ಅಲ್ಲೂ ಐದು ವರ್ಷದ ಬಾಂಡೇ ಅದ. ಸೂಟಿ ಸಿಕ್ಕಾಗೆಲ್ಲ ಮನಿಗಿ ಬರ್ತೇನಿ, ಮೂರು ತಾಸಿನ ಹಾದಿ."

"ಅಲ್ಲಿ ಯಾವ ವಿಮಾನರೀ?"

"ಸಣ್ಣದು. ರೆಕ್ಕಿಗಿ ಪಂಖಾ ಇದ್ದದ್ದು."

ಫೈಟರ್ ಹಾರಿಸಿದವರು ಪಂಖಾದ ವಿಮಾನಕ್ಕೆ ಹೋಗುವುದೆಂದರೆ ಎಷ್ಟು ಕೆಳಗಿಳಿದಂತೆ ಎಂದು ಇಷ್ಟು ವರ್ಷದಲ್ಲಿ ನನಗೂ ಗೊತ್ತಾಗಿತ್ತು. "ನಿಮ್ಮ ದೋಸ್ತರು ನಗಂಗಿಲ್ಲೇನ್ರೀ?"

"ನಗ್ಲಾಕತ್ಯಾರ ಆಗ್ಲೇ." ನನ್ನ ಚೀಲ ತಾವೇ ತೆಗೆದುಕೊಂಡರು. "ನೀ ಸಾಲಿ ಬಿಡಬ್ಯಾಡ. ನನ್ನ ಹಿಂದ ಬಂದು ಭಾಳ ಸಾಲಿ ಬಿಟ್ಟೀದಿ."

ಅಷ್ಟು ಜನರ ನಡುವೆ, ಬಸ್ಸುಗಳ ಹೊಗೆಯಲ್ಲಿ ನಿಂತು ಅತ್ತುಬಿಟ್ಟೆ. ನಾನು ಬಿಟ್ಟದ್ದು ಇವರ ಕಣ್ಣಿಗೆ ಬಿದ್ದೇ ಇಲ್ಲವೆಂದುಕೊಂಡಿದ್ದೆ.