ಗಾಳಿಗಾಲಕ್ಕೆ ಕಂದು ಟೇಪು

ನಮ್ಮ ಉಡುಪಿ ಕಡೆ ಮಳೆಗಾಲಕ್ಕೆ ತಯಾರಿ ಎಂದರೆ ತಿನ್ನುವ ತಯಾರಿ. ಹಪ್ಪಳ, ಉಪ್ಪಿನಕಾಯಿ, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ. ಕತಾರಿನಲ್ಲಿ ಗಾಳಿಗಾಲದ ತಯಾರಿ ಎಂದರೆ ಮಣ್ಣು ತಿನ್ನದೆ ಬದುಕುವ ತಯಾರಿ. ಜೂನ್ ಬಂತೆಂದರೆ ಉತ್ತರದಿಂದ ಶಮಾಲ್ ಗಾಳಿ ಏಳುತ್ತದೆ. ಮರುಭೂಮಿಯನ್ನೇ ಹೊತ್ತು ತಂದು ನಮ್ಮ ಅನ್ನದ ಪಾತ್ರೆಯಲ್ಲಿ ಇಳಿಸುತ್ತದೆ. ಮೂರು ಕಡೆ ಸಮುದ್ರ, ಅಂಗೈಯಗಲದ ದೇಶ, ಓಡಿ ಹೋಗುವುದಾದರೂ ಎಲ್ಲಿಗೆ?

ಬೇರೆ ವರ್ಷಗಳಲ್ಲಿ ನಾನು ಬಾಗಿಲಿನಡಿ ಒದ್ದೆ ಬೈರಾಸು, ಅಂದರೆ ಟವೆಲು, ತುರುಕಿ ನಿದ್ದೆ ಹೊಡೆಯುತ್ತಿದ್ದೆ. ಆ ವರ್ಷ ಹಾಗಾಗಲಿಲ್ಲ. ಮಗ ದಿನ ತುಂಬುವ ಮೊದಲೇ ಹುಟ್ಟಿದ್ದ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರಮ್ಮ, ಇವನ ಶ್ವಾಸಕೋಶ ಇನ್ನೂ ಎಳೆಯದು, ಧೂಳು ಮತ್ತು ಹೊಗೆ ಹತ್ತಿರ ಸುಳಿಯಬಾರದು ಎಂದಿದ್ದರು. ಅಂದಿನಿಂದ ನನ್ನ ತಲೆ ಸರಿ ಇರಲಿಲ್ಲ. ಮಲಗಿದ ಮಗುವಿನ ಮೂಗಿನಡಿ ಬೆರಳಿಟ್ಟು ಉಸಿರು ನೋಡುವುದು, ಉಸಿರಿದ್ದರೆ ಇಷ್ಟು ಮೆಲ್ಲಗೆ ಯಾಕೆ ಎಂದು ಅಳುವುದು, ಇದೇ ನನ್ನ ಉದ್ಯೋಗವಾಗಿತ್ತು.

ಬಾಣಂತನಕ್ಕೆ ಬಂದಿದ್ದ ಅಮ್ಮನಿಗೆ ನನ್ನ ಹೆದರಿಕೆ ಕಂಡರೆ ಆಗುತ್ತಿರಲಿಲ್ಲ. ಅವಳು ಹುಟ್ಟಿದ್ದು ಕಡಲ ಬದಿಯಲ್ಲಿ. ಚಂಡಮಾರುತದ ದಿನ ತೆಂಗಿನ ಮರ ಮುರಿದು ಮಾಡಿನ ಮೇಲೆ ಬಿದ್ದಾಗಲೂ ತಾನು ಒಲೆಯ ಮೇಲಿನ ಗಂಜಿ ಇಳಿಸಿರಲಿಲ್ಲ ಎಂಬುದು ಅವಳ ಮೆಚ್ಚಿನ ಕಥೆ. ಹೇಳಿದಂತೆಲ್ಲ ಮರ ಉದ್ದವಾಗುತ್ತಿತ್ತು. "ಇದೆಲ್ಲ ಒಂದು ಗಾಳಿಯಾ ಮಾರಾಯ್ತಿ?" ಎಂದು ಕಿಟಕಿಯ ಕಡೆ ಕೈ ಬೀಸುತ್ತಿದ್ದಳು.

ನನ್ನ ಗಂಡ ಮೈಸೂರಿನವನು. ಆ ಊರಿನಲ್ಲಿ ಗಾಳಿಯೂ ಬಾಗಿಲು ತಟ್ಟಿ, ಒಳಗೆ ಬರಬಹುದಾ ಸಾರ್ ಎಂದು ಕೇಳುತ್ತದೆ. ಅವನು ದಿನವಿಡೀ ಫೋನಿನಲ್ಲಿ ಹವಾಮಾನ ನೋಡಿ, ಶುಕ್ರವಾರ ದೊಡ್ಡದು ಬರುತ್ತದೆ ಎಂದು ತೀರ್ಪು ಕೊಟ್ಟ. ಊರಿಗೆ ಕಾರ್ಗೋ ಕಳಿಸುವಾಗ ಪೆಟ್ಟಿಗೆಗೆ ಸುತ್ತುವ ಕಂದು ಟೇಪು ಇರುತ್ತದಲ್ಲ, ಅದರ ಸುರುಳಿಗಳನ್ನು ಚೀಲ ತುಂಬ ತಂದ. ಹಚ್ಚಿದ್ದು ಅವನು, ಹಚ್ಚಿಸಿದ್ದು ನಾನು. ಕಿಟಕಿಯ ಸಂದಿ, ಬಾಲ್ಕನಿಯ ಬಾಗಿಲು, ಏಸಿಯ ಸುತ್ತ, ಎಲ್ಲೆಲ್ಲಿ ಬೆಳಕು ಇಣುಕುತ್ತದೋ ಅಲ್ಲೆಲ್ಲ. ಅಲ್ ಅಜೀಜಿಯಾ ಬಡಾವಣೆಯ ನಮ್ಮ ಫ್ಲ್ಯಾಟು ಮಂಗಳೂರಿಗೆ ಹೊರಟ ಪೆಟ್ಟಿಗೆಯಂತಾಯಿತು. ವಿಳಾಸ ಬರೆಯುವುದೊಂದು ಬಾಕಿ ಎಂದು ಅಮ್ಮ ನಕ್ಕಳು.

ಅವಳಿಗೂ ನನಗೂ ನಿಜವಾದ ಜಗಳ ಇದ್ದದ್ದು ಲೋಬಾನದ ವಿಷಯದಲ್ಲಿ. ಎಣ್ಣೆಸ್ನಾನವಾದ ಮಗುವಿಗೆ ಲೋಬಾನದ ಹೊಗೆ ಹಿಡಿಯದಿದ್ದರೆ ಅದೆಂತ ಬಾಣಂತನ ಎಂದು ಅವಳು, ಹೊಗೆ ಹಾಕಿದರೆ ನಾನು ಮನೆ ಬಿಟ್ಟು ಹೋಗುತ್ತೇನೆ ಎಂದು ನಾನು. ಕೊನೆಗೆ ರಾಜಿಯಾಯಿತು. ಮಗುವಿಗೆ ಹೊಗೆ ಇಲ್ಲ, ಮಗುವಿನ ಬಟ್ಟೆಗೆ ಉಂಟು, ಅದೂ ಬಾಲ್ಕನಿಯಲ್ಲಿ ಮಾತ್ರ.

ಶುಕ್ರವಾರ ಊಟದ ಹೊತ್ತಿಗೆ ಆಕಾಶ ಚಹಾದ ಬಣ್ಣಕ್ಕೆ ತಿರುಗಿತು. ಎದುರಿನ ಕಟ್ಟಡ ಕಾಣದಾಯಿತು. ನಮ್ಮ ಮನೆಯೊಳಗೆ ಮಾತ್ರ ಒಂದು ಕಣ ಧೂಳಿಲ್ಲ. ಗಂಡ ಟೇಬಲ್ಲಿನ ಮೇಲೆ ಬೆರಳೆಳೆದು ನನಗೆ ತೋರಿಸಿದ. ಮದುವೆಯಾದ ಮೇಲೆ ಅವನ ಮೇಲೆ ಅಷ್ಟು ಪ್ರೀತಿ ಬಂದದ್ದು ಅದೇ ಮೊದಲು.

ಆದರೆ ಅಮ್ಮನ ಬಾಲ್ಕನಿಗೆ ಟೇಪು ಬಿದ್ದಿತ್ತು, ಒಳಗೆ ಒಣಗಿದ ಬಟ್ಟೆ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಅವಳು ಬುದ್ಧಿವಂತೆ. ಕೆಂಡದ ಬಟ್ಟಲು, ಬಟ್ಟೆಯ ಬುಟ್ಟಿ ಎರಡನ್ನೂ ಬಚ್ಚಲಿಗೆ ಒಯ್ದು, ಬಾಗಿಲು ಹಾಕಿ, ಹೊಗೆ ಎಳೆಯುವ ಫ್ಯಾನಿನ ಸ್ವಿಚ್ಚು ಒತ್ತಿ ಬಂದು ಕೂತಳು. ಆ ಫ್ಯಾನಿಗೂ ಟೇಪು ಹಚ್ಚಿದ್ದೇವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಎಳೆದ ಹೊಗೆ ಹೋಗುವುದೆಲ್ಲಿಗೆ? ಬಾಗಿಲಿನಡಿಯಿಂದ ಹಾಲಿಗೆ ಬಂತು. ಬೆಂಕಿಯ ಅಲಾರಾಂ ಇಡೀ ಕಟ್ಟಡಕ್ಕೆ ಕೇಳುವಂತೆ ಬಡಿದುಕೊಂಡಿತು.

ಒಳಗೆ ಹೊಗೆ, ಹೊರಗೆ ಧೂಳು. ಡಾಕ್ಟರಮ್ಮ ಬೇಡವೆಂದದ್ದು ಎರಡೇ ವಸ್ತು. ನಾನು ಮಗುವನ್ನು ಎದೆಗೊತ್ತಿಕೊಂಡು ಹಾಲಿನ ನಡುವೆ ಕಂಬದ ಹಾಗೆ ನಿಂತುಬಿಟ್ಟೆ. ಗಂಡ ಹೊರಬಾಗಿಲಿನ ಟೇಪು ಕೀಳುತ್ತಿದ್ದ. ಅಷ್ಟು ಚೆನ್ನಾಗಿ ಹಚ್ಚಿದ್ದಕ್ಕೆ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದ. ಅಮ್ಮ ಬಂದವಳೇ ನನ್ನ ಕೈಯಿಂದ ಮಗುವನ್ನು ಕಿತ್ತುಕೊಂಡಳು. ಅವಳು ಉಟ್ಟದ್ದು ಸೀರೆಯಲ್ಲ, ಮುಂದೆ ಜಿಪ್ಪಿರುವ ನೈಟಿ. ಜಿಪ್ಪು ಇಳಿಸಿ, ಮಗುವನ್ನು ಒಳಗೆ ಎದೆಗೆ ಅಂಟಿಸಿಕೊಂಡು, ಜಿಪ್ಪು ಏರಿಸಿ, ಮೇಲೆ ಒದ್ದೆ ಬೈರಾಸು ಸುತ್ತಿ ಮೆಟ್ಟಿಲಿಳಿದಳು.

ಕೆಳಗೆ ಕಾವಲಿನ ನಾತೂರ್, ಯಲ್ಲಾ ಯಲ್ಲಾ ಎನ್ನುತ್ತ ಎಲ್ಲರನ್ನೂ ಬಯಲಿಗೆ ಅಟ್ಟುತ್ತಿದ್ದ. ಕಸದ ಡಬ್ಬಿಯ ಪಕ್ಕ ಇಡೀ ಕಟ್ಟಡದ ಜನ ಕಣ್ಣು ಮುಚ್ಚಿ, ಯಾರೋ ಪುಣ್ಯಾತ್ಮರ ಅಡುಗೆಮನೆಯನ್ನು ಶಪಿಸುತ್ತ ನಿಂತಿದ್ದರು. ಮಲಯಾಳಿ ಹೆಂಗಸೊಬ್ಬಳು ಅಮ್ಮನ ಹೊಟ್ಟೆ ನೋಡಿ, ಈ ವಯಸ್ಸಿನಲ್ಲಾ ಎಂಬಂತೆ ತನ್ನ ಗಂಡನ ಮುಖ ನೋಡಿದಳು. ನಾನು ಗಾಳಿಗೆ ಬೆನ್ನು ಕೊಟ್ಟು ಅಮ್ಮನ ಎದುರು ನಿಂತೆ. ನನ್ನ ಗಂಡ ಹಿಂದಿನಿಂದ ಅಡ್ಡ ನಿಂತ. ಒಳಗಿನಿಂದ ಸದ್ದಿಲ್ಲ, ಅಳುವಿಲ್ಲ.

"ಅಮ್ಮಾ, ಉಸಿರಾಡ್ತಾ ಇದ್ದಾನಾ?"

"ಕೈ ಹಾಕಿ ನೋಡು" ಎಂದು ಅವಳು ಜಿಪ್ಪು ಸ್ವಲ್ಪ ಇಳಿಸಿದಳು.

ಬೈರಾಸಿನಡಿಯಿಂದ ಕೈ ತೂರಿಸಿದೆ. ಬೆರಳಿಗೆ ಮೂಗು ಸಿಕ್ಕಿತು. ಬೆಚ್ಚಗಿನ ಉಸಿರು, ನಿಧಾನ, ಹಾಯಾಗಿ ನಿದ್ದೆ. ಕಳ್ಳ ಮುಂಡೇದು, ನಿದ್ದೆ ಮಾಡುತ್ತಿತ್ತು. ನನಗೆ ಅಳು ಬಂತು. ಕೈ ತೆಗೆಯುವಷ್ಟರಲ್ಲಿ ಅಂಗೈಗೆ ಇನ್ನೊಂದು ತಾಗಿತು. ಅಮ್ಮನ ಎದೆ, ಡಬಡಬ ಎಂದು, ಈಗ ಹೊರಗೆ ಹಾರುತ್ತದೇನೋ ಎನ್ನುವ ಹಾಗೆ ಹೊಡೆದುಕೊಳ್ಳುತ್ತಿತ್ತು. ಮರ ಮಾಡಿನ ಮೇಲೆ ಬಿದ್ದರೂ ಗಂಜಿ ಇಳಿಸದವಳ ಎದೆ.

"ನಿಂಗೂ ಹೆದ್ರಿಕೆ ಆಯ್ತಾ ಅಮ್ಮಾ?" ಎಂದೆ.

ಅವಳು ನನ್ನ ಕೈಯನ್ನು ಅಲ್ಲಿಯೇ ಒತ್ತಿ ಹಿಡಿದು ಕಣ್ಣು ಮುಚ್ಚಿದಳು.

"ಬಾಯಿ ಮುಚ್ಚು" ಎಂದಳು. "ಧೂಳು ಒಳಗೆ ಹೋಗ್ತದೆ."